ಖಂಡೇಪೂಜೆಯ ಬಣ್ಣ

ಚಿಕ್ಕೋಡಿಯ ನಿಲ್ದಾಣದಲ್ಲಿ ತಮ್ಮೂರು ಕಾಗವಾಡದ ಬಸ್ಸಿಗೆ ಕಾಯುತ್ತಿದ್ದ ಗಂಡಹೆಂಡಿರ ಮಾತಿದು. ಪಕ್ಕದ ಬೆಂಚಿನವರ ಕಿವಿಗೆ ಬಿದ್ದಂತೆಯೇ ಇಲ್ಲಿದೆ. ಹಾಲೇಶ ಪಂಕ್ಚರ್ ಅಂಗಡಿ ಇಡಲಿದ್ದ. ಹೆಂಡತಿ ಅನುಸೂಯಾಳ ಸೋದರಮಾವ ಮಾಳಸಿದ್ದ ಎಂಬವನು ಮಾರಲಿದ್ದ ಹಳೆಯ ಗಾಳಿ ಕಂಪ್ರೆಸರನ್ನು ಒಬ್ಬನೇ ಕಬ್ಬೂರಿಗೆ ಹೋಗಿ ನೋಡಿ ಬಂದವನು, ಕುಳಿತಲ್ಲಿ ಕೂರಲಾರದೆ ಎದ್ದೆದ್ದು ನಿಲ್ಲುತ್ತಿದ್ದ.

“ಏನಾತ್ರಿ? ಮಷಿನ್ ಪಸಂದ ಬರಲಿಲ್ಲೇನು?”

“ಮದಿಮಗನಂಗ ಮಿಂಚತೈತಿ.”

“ಮಿಂಚದ ಏನ ಮಾಡ್ತೈತ್ರಿ? ಮಾಮಾ ವರ್ಷಾ ದಸರಾದಾಗ ಖಂಡೇಪೂಜಿಗೆ ಬಣ್ಣಾ ಹೊಡಿತಾನ.”

“ಅದಕ್ಕ ಅಂಜಿಕಿ. ಟಾಕಿ ತಳಗಿನ ನೀರ ಬಿಡೂ ನಳ ಬಣ್ಣದಾಗ ಹೂತು ಹೋಗೇತಿ. ತಿರುವಿದ್ರ ತಿರಗವಲ್ದು.”

“ಗಾಳಿ ಟಾಕ್ಯಾಗ ನೀರ ಎಲ್ಲಿಂದ ಬಂತ್ರಿ?”

“ಗಾಳ್ಯಾಗಿನ ತೇವ ಒಳಗ ನೀರಾಗಿ ಕುಂದರತೈತಿ. ಬಿಡದಿದ್ರ ತಳಕ್ಕ ಜಂಗ ಹತ್ತತೈತಿ. ಮ್ಯಾಲ ಬಣ್ಣಾ, ಒಳಗ ತುಕ್ಕ ತಿಂದ ಹಪ್ಪಳ. ಒಂದಿನ ಬಾಂಬಿನಂಗ ಒಡಿತೈತಿ.”

“ಅಲ್ಲೇ ಯಾಕ ಹೇಳಲಿಲ್ಲ?”

“ನಿಮ್ಮ ಮಾಮಾಗ ನಾ ಹೆಂಗ ಹೇಳ್ಲಿ? ಅಳಿಯಾ ನನ್ನ ಮಷಿನ್ನಿಗೆ ಹೆಸರಿಟ್ಟ ಅಂತಾನ. ಒಲ್ಲೆ ಅಂತ ಫೋನ್ ಮಾಡಿದ್ರಾತು.”

ಅನುಸೂಯಾ ಚೀಲವೆತ್ತಿ ಎದ್ದಳು.

“ನಾವೇನೋ ಒಲ್ಲೆ ಅಂತೀವಿ. ನಾಳಿ ಅದರ ಬಾಜೂಕ ಯಾರ ಕುಂದರತಾರ?”

ಹಾಲೇಶನಿಗೆ ಇದು ಹೊಳೆದೇ ಇರಲಿಲ್ಲ. ಮಾಳಸಿದ್ದ ಆ ಟಾಕಿಗೇ ಬೆನ್ನು ಆನಿಸಿ ಚಹಾ ಕುಡಿಯುತ್ತಿದ್ದುದು ಕಣ್ಣಿಗೆ ಕಟ್ಟಿತು.

“ಫೋನ್ ಮಾಡಿ ಬಂದ್ ಇಡು ಅಂತ ಹೇಳೂಣು.”

“ಫೋನ್‌ದಾಗ ಹೇಳಿದ್ರ ನಕ್ಕ ಬಿಡ್ತಾನ. ನಡೀರಿ.”

“ಸಿಟ್ಟಾದ್ರ?”

“ಆಗ್ಲಿ ಬಿಡ್ರಿ. ಬೈಯಾಕ ಮನಷ್ಯಾ ಇರಬೇಕಲ್ಲ.”

ಕಾಗವಾಡದ ಬಸ್ಸು ಬಂದು ನಿಂತಿತು. ಅವರಿಬ್ಬರೂ ಅದನ್ನು ಹತ್ತದೆ ಸುತ್ತುಹಾಕಿ, ಹೊರಡುತ್ತಿದ್ದ ಕಬ್ಬೂರಿನ ಬಸ್ಸಿನ ಹಿಂದೆ ಓಡಿದರು.