ಚೀಲದ ಮೇಲಿನ ವಿಳಾಸ

೧೯೪೮ರ ಮಾರ್ಚ್. ಹುಕ್ಕೇರಿಯ ಮೋಟಾರ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ತಂಬಾಕಿನ ವ್ಯಾಪಾರಿ ದುಂಡಪ್ಪ, ರೈಲ್ವೆಯವರು ತಿರುಗಿ ಕಳಿಸಿದ ಚೀಲಗಳ ಮೇಲೆ ಕೂತಿದ್ದರು. ಅವರ ಗುಮಾಸ್ತ ರುದ್ರಪ್ಪ ಎದುರಿಗೆ ನಿಂತಿದ್ದ.

“ಯಾಕ ಒಯ್ಯಲಿಲ್ಲಂತ?”

“ನೀವು ‘ಕರಾಚಿ, ಮುಂಬೈ ಪ್ರಾಂತ್ಯ’ ಅಂತ ಬರಸೀರಿ, ಸಾವ್ಕಾರ್ರ.”

“ನಮ್ಮಪ್ಪನ ಕಾಲದಿಂದ ಹಂಗ ಬರೀತೇವಿ.”

“ಕರಾಚಿ ಮುಂಬೈ ಪ್ರಾಂತ್ಯ ಬಿಟ್ಟು ಹನ್ನೆರಡ ವರ್ಷಾತ್ರಿ. ಈಗ ಅದು ಪಾಕಿಸ್ತಾನರಿ, ಪರದೇಶ. ಸುಂಕ ಬ್ಯಾಡ ಅನ್ನೂ ಎರಡೂ ದೇಶದ ಕರಾರು ಹ್ವಾದ ತಿಂಗಳ ಮುಗೀತು.”

“ಹೊಸಾದು?”

“ಇನ್ನೂ ಆಗಿಲ್ರಿ. ಈಗ ಒಂದ ಚೀಲ ಹೋಗಾಕೂ ಪರವಾನಗಿ ಬೇಕು, ಬರಾಕೂ ಬೇಕು.”

ದುಂಡಪ್ಪ ಚೀಲದ ಮೇಲಿನ ಅಕ್ಷರ ಸವರಿದರು.

“ಅಲ್ಲಿ ಅಂಗಡ್ಯಾಗ ನನ್ನ ತಮ್ಮ ಅದಾನಲ್ಲೋ. ಅಂವ ಬರಾಕ?”

ಮೋಟಾರು ಬಂತು. ರುದ್ರಪ್ಪ ಚೀಲ ಹೊತ್ತ. ಮೆಟ್ಟಿಲು ಹತ್ತುವಾಗಲೂ ದುಂಡಪ್ಪ ಅದನ್ನೇ ಕೇಳುತ್ತಿದ್ದರು.