ಯೂಸರ್ ಒನ್‌ನ ಸರದಿ

ದೀಪ ಸಣ್ಣ ಮಾಡಿ, ಹೇಳುತ್ತೇನೆ. ಇದು ನಮ್ಮ ದೊಡ್ಡಪ್ಪನ ಮಗಳಿಗೆ ಆದದ್ದು. ಕಟ್ಟಿದ ಕತೆಯಲ್ಲ.

ನಾವೆಲ್ಲ ಅಕ್ಕ ಎನ್ನುವ ಈಕೆ ಕಂಪ್ಯೂಟರ್ ಕೆಲಸದವಳು. ಅವಳ ಒಬ್ಬನೇ ತಮ್ಮನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಡಯಾಲಿಸಿಸ್ ಆಗಲೇಬೇಕು. ಒಂದು ಸರದಿ ತಪ್ಪಿದರೂ ಮೈಯೆಲ್ಲ ಊತ, ಏದುಸಿರು. ಅವನು ಹೋಗುತ್ತಿದ್ದ ಡಯಾಲಿಸಿಸ್ ಕೇಂದ್ರದಲ್ಲಿ ಯಂತ್ರ ಕಡಿಮೆ, ಕಾಯುವವರು ಜಾಸ್ತಿ. ಸರದಿ ಹಂಚುವ ಸರ್ವರ್ ಮಾಡಿಕೊಡಲು ಅಕ್ಕನೇ ಮುಂದಾದಳು.

ಎಲ್ಲವನ್ನೂ ತಾನೇ ಬರೆಯುವ ತಾಳ್ಮೆ ಅವಳಿಗೆಲ್ಲಿಂದ ಬರಬೇಕು? ನೆಟ್ಟಿನಲ್ಲಿ ಯಾರೋ ಇಟ್ಟಿದ್ದ ರೆಡಿಮೇಡ್ ಟೆಂಪ್ಲೇಟ್ ಇಳಿಸಿಕೊಂಡಳು. ಲಾಗಿನ್, ಡೇಟಾಬೇಸ್, ಮೆಸೇಜ್ ಕಳಿಸುವುದು, ಎಲ್ಲ ಅದರಲ್ಲೇ ಇರುತ್ತದೆ; ಬಾಗಿಲು ಬೀಗ ಸಮೇತ ಸಿಗುವ ಮನೆಯ ಹಾಗೆ. ಜೊತೆಗೆ ಪರೀಕ್ಷೆಗೆಂದು ಇಟ್ಟ ಒಬ್ಬ ಸುಳ್ಳು ಗಿರಾಕಿ, ಯೂಸರ್ ಒನ್. ಕೆಲಸ ಮುಗಿದ ಮೇಲೆ ಅವನನ್ನು ಅಳಿಸಬೇಕು. ಅಕ್ಕ ಮರೆತಳು.

ಒಂದು ರಾತ್ರಿ ಕೇಂದ್ರದಿಂದ ಹೊರಟು ಹಾಳುಬಾವಿಯ ಪಕ್ಕ ಬರುತ್ತಿದ್ದಾಳೆ. ಫೋನು... ಟಿಂಗ್. "ಯೂಸರ್ ಒನ್ ಬಂದಿದ್ದಾರೆ. ಯಂತ್ರ ನಾಲ್ಕು."

ಅಲ್ಲೇ ಬಾವಿಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಅವನನ್ನು ಅಳಿಸಿದಳು. ಟಿಂಗ್. ಮತ್ತೆ ಬಂದ. ಸರ್ವರ್ ಶುರುವಾದಾಗಲೆಲ್ಲ ಅವನನ್ನು ಸೇರಿಸುವ ಸಾಲು ಒಂದಿತ್ತು, ಅದನ್ನೂ ಹುಡುಕಿ ಕಿತ್ತಳು. ಬಾವಿಯೊಳಗೆ ಏನೋ ಬುಳುಕ್ ಎಂದಿತು... ಟಿಂಗ್.

ಎದ್ದೆನೋ ಬಿದ್ದೆನೋ ಎಂದು ವಾಪಸ್ ಓಡಿದಳು. ರಾತ್ರಿ ಪಾಳಿಯ ನರ್ಸ್ ಬಾಗಿಲಲ್ಲೇ ತಡೆದರು.

"ಮೆಲ್ಲಗೆ..."

"ನಾಲ್ಕನೇದ್ರಲ್ಲಿ ಯಾರಿದಾರೆ ಸಿಸ್ಟರ್?"

"ಯಾರೂ ಇಲ್ಲಮ್ಮ. ಆದ್ರೂ ನಡೀತಿದೆ... ಕೇಳಿ."

ಟರ್ರ್... ಟಕ್. ಟರ್ರ್... ಟಕ್. ರಕ್ತ ತಿರುಗಿಸುವ ಪಂಪಿನ ಸದ್ದು. ಹಾಸಿಗೆ ಖಾಲಿ. ದಿಂಬು ಮಾತ್ರ ಒಂದು ತಲೆಯಷ್ಟು ತಗ್ಗಿತ್ತು.

"ಬೆಳಿಗ್ಗೆ ನನ್ನ ತಮ್ಮನ ಸರದಿ ಇದ್ರಲ್ಲೇ ಇದೆ," ಎಂದಳು ಅಕ್ಕ.

"ನಿಮ್ಮ ಸಿಸ್ಟಂ ಇದನ್ನ ಬೇರೆಯವರ ಹೆಸರಲ್ಲಿ ತೋರಿಸ್ತಿದೆ. ನಾನು ಹೇಗೆ ಕೊಡ್ಲಿ?"

ಆಗ ಅವಳು ಆ ಕಸುಬಿನವರೆಲ್ಲ ಮಾಡುವ ಕೆಲಸವನ್ನೇ ಮಾಡಿದಳು. ಅಳಿಸಲು ಆಗದಿದ್ದರೆ ಅದರ ಮೇಲೆಯೇ ಬೇರೆಯದನ್ನು ಬರೆದುಬಿಡುವುದು. ಯೂಸರ್ ಒನ್ ಎಂದಿದ್ದ ಕಡೆ ತಮ್ಮನ ಹೆಸರು, ಅವನ ಫೋನ್ ನಂಬರು ಹಾಕಿ ಸೇವ್ ಒತ್ತಿದಳು. ಪಂಪು ನಿಂತಿತು. ಸದ್ಯ, ಸರದಿ ಉಳಿಯಿತಲ್ಲ ಎಂದು ಮನೆಗೆ ಹೋಗಿ ಮಲಗಿದಳು, ಪಾಪ.

ಬೆಳಿಗ್ಗೆ ಎಬ್ಬಿಸಲು ಹೋದರೆ ತಮ್ಮನ ಮೈ ತಣ್ಣಗಾಗಿತ್ತು. ಕೇಂದ್ರಕ್ಕೆ ಫೋನ್ ಮಾಡಿದರೆ ಅದೇ ನರ್ಸ್, "ನೀವು ಹೋದ ಮೇಲೆ ನಿಮ್ಮ ತಮ್ಮ ಬಂದು ಡಯಾಲಿಸಿಸ್ ಮುಗಿಸ್ಕೊಂಡು ಹೋದ್ರಲ್ಲ," ಎಂದರು.

ಅವನು ರಾತ್ರಿ ಎದ್ದೇ ಇರಲಿಲ್ಲ. ದೊಡ್ಡಮ್ಮ ಪಕ್ಕದಲ್ಲೇ ಮಲಗಿದ್ದರು, ಬಾಗಿಲ ಚಿಲಕ ಹಾಕಿದಂತೆಯೇ ಇತ್ತು. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನಾನು ಕಣ್ಣಾರೆ ಕಂಡಿದ್ದೇನೆ. ಸೂಜಿ ಚುಚ್ಚುವ ಎಡಗೈ ಮೇಲೆ ಹೊಸ ಹತ್ತಿ, ಅದರ ಮೇಲೆ ಹೊಸ ಪಟ್ಟಿ... ಹತ್ತಿ ಇನ್ನೂ ಒದ್ದೆಯಾಗಿತ್ತು.