ಹಿಂದಿನ ಬಾಗಿಲು

ಏಳ್ಬೇಡ, ಏಳ್ಬೇಡ ಹೊರೇಸ್! ನಾನೇ ಕಣೋ, ರೂಫಸ್. ಹನ್ನೊಂದು ವರ್ಷ ಬಸ್ಸಲ್ಲಿ ತಲೆ ತಿಂದಿದ್ದು ಸಾಲದೂಂತ ಆಸ್ಪತ್ರೆಗೂ ಬಂದ್ನಾ ಇವನು, ಅಂತ ಬೈಕೋತಿದೀಯಾ? ಅಯ್ಯೋ ನಗ್ಬೇಡವೋ, ದವಡೆ ತಂತಿ ಕಿತ್ತುಬಂದೀತು! ತಗೋ, ನಮ್ಮನೆಯೋಳು ಗೆಣಸಿನ ಸೂಪ್ ಮಾಡಿ ಎರಡೆರಡು ಸಲ ಸೋಸಿ ಕಳ್ಸಿದಾಳೆ. ಸ್ಟ್ರಾ ಹಾಕ್ಲಾ? ಬೇಡ್ವಾ? ಆಮೇಲೆ ಕುಡಿ.

ಮೂರು ಗಂಟೆಗೆ ಆ ಪೊಲೀಸಮ್ಮ ಬರ್ತಾಳಂತಲ್ಲ, ನಿನ್ನ ಹೇಳಿಕೆ ತಗೊಳ್ಳೋಕೆ? ಅದಕ್ಕೇ ಈ ಹಲಗೆ ಕೊಟ್ಟಿರೋದು, ಬರೆದು ತೋರ್ಸು ಅಂತ. ಸರಿ, ಸರಿ. ಅವಳು ಬರೋ ಮುಂಚೆ ಇಬ್ರೂ ಒಂದ್ಸಲ ಮಾತಾಡ್ಕೊಳ್ಳೋಣ ಅಂತ ಬಂದೆ. ಬೇರೇನಿಲ್ಲ.

ಅಲ್ಲಾ ಹೊರೇಸ್, ನಿನಗ್ಯಾಕೆ ಬೇಕಿತ್ತೋ ಅದು? ಬೆಳಗ್ಗೆ ಆರೂವರೆ, ಮೈ ಕೊರೆಯೋ ಚಳಿ, ಬಸ್ ತುಂಬ ಜನ, ಅರ್ಧ ಜನ ನಿಂತೇ ನಿದ್ದೆ ಮಾಡ್ತಿದಾರೆ. ಆ ಕೆಂಪು ಟೋಪಿಯವನು ಸ್ಪೀಕರಲ್ಲಿ ಹಾಡು ಹಚ್ಕೊಂಡು ಬಡಕೊಂಡ್ರೆ ಬಡಕೊಳ್ಲಿ! ಬಾಲ್ಟಿಮೋರ್ ಬಸ್ಸಲ್ಲಿ ಇದೇನು ಹೊಸದಾ? "ನಿಲ್ಸೋ ನಾಯಿ ನಿನ್ನ ಗಲಾಟೆ!" ಅಂತ ಕೂಗ್ಬೇಕಿತ್ತಾ? ಬಾಯಿ ಬಿಟ್ರೆ ಬಣ್ಣಗೇಡು ಅಂತಾರೆ, ಸುಮ್ನೇನಾ?

ಏನು? ಯಾಕೆ ಹಾಗೆ ನೋಡ್ತಿದೀಯ?

ನೀನಲ್ಲದೆ ಇನ್ಯಾರು? ಅವನು ಎದ್ದು "ಯಾವನೋ ಅಂದಿದ್ದು?" ಅಂದ. ಸೀದಾ ನಿನ್ನ ಹತ್ರಾನೇ ಬಂದ್ನಲ್ಲ! ನಾನಾ? ನಾನು ಮುಂದೆ ಇದ್ದೆನಪ್ಪ, ಡ್ರೈವರ್ ಹಿಂದೆ, ದಿನಾ ಮುಂದಿನ ಸೀಟಲ್ಲಿ ಕೂರ್ತಾಳಲ್ಲ ಮಿಸ್ ಅರ್ನೆಸ್ಟೀನ್, ಅವಳ ಪಕ್ಕ. ಅಲ್ಲಿಂದ ಎಷ್ಟು ಕಾಣುತ್ತೋ ಅಷ್ಟೇ.

ಆದ್ರೂ ಕಂಡಿದ್ದೇ ಸಾಕು ಜನ್ಮಕ್ಕೆ. ನಿನ್ನ ಕೊರಳಪಟ್ಟಿ ಹಿಡಿದು ಎಬ್ಬಿಸ್ದ. ಒಂದು... ಎರಡು... ಆ ಹಿಡ್ಕೊಳ್ಳೋ ಕಂಬಕ್ಕೆ ನಿನ್ನ ಮುಖ ಚಚ್ಚಿದ ಸದ್ದು ಇದೆಯಲ್ಲ, ಥೂ! ಈಗ್ಲೂ ಊಟಕ್ಕೆ ಕೂತ್ರೆ ಅದೇ ಕೇಳ್ಸುತ್ತೆ. ನಿನ್ನ ಊಟದ ಡಬ್ಬಿಯಿಂದಲೇ ನಿನಗೆ ಬಡಿದ. ಬಿದ್ಮೇಲೂ ಬಿಡ್ಲಿಲ್ಲ, ಬೂಟುಗಾಲಲ್ಲಿ ಒದ್ದ, ಒದ್ದ, ಪಕ್ಕೆಗೆ, ದವಡೆಗೆ... ನಲವತ್ತು ಜನ! ಒಬ್ಬನೂ ಏಳ್ಲಿಲ್ಲ. ಫೋನ್ ಎತ್ಕೊಂಡು ಚಿತ್ರ ತೆಗೆದ್ರು, ದರಿದ್ರದೋರು.

ನಾನಾ? ನಾನು... ದೂರ ಇದ್ದೆ ಅಂದ್ನಲ್ಲ.

ಈಗ ಕೇಳು. ಪೊಲೀಸಮ್ಮ ನನ್ನನ್ನ ಆಗ್ಲೇ ಕೇಳಿದ್ಲು. ಮೊದಲು ಬೈದಿದ್ದು ಹೊರೇಸ್ ಅಂತ ಹೇಳ್ಬಿಟ್ಟಿದೀನಿ. ರುಜು ಹಾಕಿದೀನಿ. ಆ ಕೆಂಪು ಟೋಪಿಯವನ ಲಾಯರ್ ಅದನ್ನೇ ಹಿಡ್ಕೊಂಡು, ಜಗಳ ತೆಗೆದಿದ್ದೇ ಈ ಮುದುಕ ಅಂತ ಕುಣೀತಿದಾನಂತೆ. ಕುಣೀಲಿ ಬಿಡು! ನೀನು ಮಾತ್ರ ಬೇರೆ ಏನೋ ಬರೆದು ನನ್ನನ್ನ ಸುಳ್ಳುಗಾರನ್ನ ಮಾಡ್ಬೇಡ. "ಹೌದು, ಕೂಗ್ದೆ" ಅಂತ ಬರಿ. ಎರಡೇ ಮಾತು.

ಬರೀತಿಲ್ಲ ಯಾಕೆ? ಕೈ ನೋಯ್ತಿದೆಯಾ?

ಗೊತ್ತು, ಗೊತ್ತು. ನಿನಗೆ ಕೂಗೋಕೇ ಬರಲ್ಲ ಅಂತ ಬಸ್ಸಿಗೆಲ್ಲಾ ಗೊತ್ತು. ನಿನ್ನ ಸ್ಟಾಪ್ ಬಂದಾಗ ಡ್ರೈವರ್ ಡೆನೀಸ್ ಗುಂಡಿ ಒತ್ತಿ ಹಿಂದಿನ ಬಾಗಿಲು ಬಿಡೋದು ಮರೆತ್ರೆ, ನೀನು ಮೆತ್ತಗೆ ತಳ್ಕೊಂಡು ನಿಂತಿರ್ತಿದ್ದೆ, ಗೊಂಬೆ ಹಾಗೆ. "ಹಿಂದಿನ್ ಬಾಗ್ಲೂ...!" ಅಂತ ನಿನ್ನ ಪರವಾಗಿ ನಾನೇ ಕೂಗ್ಬೇಕಿತ್ತು. ಹನ್ನೊಂದು ವರ್ಷ! "ರೂಫಸ್ ಇರೋವಾಗ ಬಸ್ಸಿಗೆ ಹಾರನ್ ಯಾಕೆ" ಅಂತಿದ್ಲು ಡೆನೀಸ್.

ಅವತ್ತು... ಅವತ್ತು ನೀನು ತೆವಳ್ಕೊಂಡು ಆ ಬಾಗಿಲ ತನಕ ಬಂದೆ. ಬಸ್ ನಿಂತಿತ್ತು. ಹೊರಗೆ ಪೊಲೀಸ್ ಗಾಡಿ ಕಾಣಿಸ್ತಿತ್ತು, ಇಳಿದಿದ್ರೆ ಆಗ್ಹೋಗ್ತಿತ್ತು. ನಿನ್ನ ಕೈ ಗಾಜಿನ ಮೇಲೆ ಜಾರ್ತಿತ್ತು, ರಕ್ತ... ಬಾಗಿಲು ತೆರೀಲಿಲ್ಲ. ಡೆನೀಸ್‌ಗೆ ಕಾಣಿಸ್ಲಿಲ್ಲ, ಪಾಪ, ನಡುವೆ ಅಷ್ಟು ಜನ. ಕೆಂಪು ಟೋಪಿ ನಿನ್ನ ಕಾಲು ಹಿಡಿದು ವಾಪಸ್ ಎಳ್ಕೊಂಡ.

ಸಾಕು. ಬೇರೆ ಮಾತಾಡೋಣ. ಇಗೋ, ಇದನ್ನ ಕೊಡೋಣ ಅಂತ ತಂದಿದೀನಿ. ಕರವಸ್ತ್ರದಲ್ಲಿ ಸುತ್ತಿದೀನಿ ನೋಡು. ನಿನ್ನ ಹಲ್ಲು. ಮುಂದಿನದು. ಡಾಕ್ಟ್ರು ಮತ್ತೆ ಕೂರಿಸ್ತಾರೇನೋ ಅಂತ ಎತ್ತಿಟ್ಕೊಂಡೆ. ನನ್ನ ಶೂ ಪಕ್ಕಾನೇ ಬಂದು ಬಿತ್ತು...

ಏನಾಯ್ತು? ಯಾಕೆ ಕಣ್ಣು ಮುಚ್ಕೊಂಡೆ?

...ಹೌದು. ಡ್ರೈವರ್ ಹಿಂದೆ ಕೂತವನ ಶೂ ಹತ್ರ ಅದು ಹೇಗೆ ಬರುತ್ತೆ. ಹೌದು.

ನಿನ್ನ ಹಿಂದಿನ ಸೀಟಲ್ಲಿದ್ದೆ ಕಣೋ. ನಿನಗೆ ಗೊತ್ತಿತ್ತು, ಅಲ್ವಾ? ನನ್ನ ಗಂಟಲು ನಿನಗೆ ಗೊತ್ತಿಲ್ದೆ ಇರುತ್ತಾ! ನಿದ್ದೆ ಇರ್ಲಿಲ್ಲ ನನಗೆ, ತಲೆ ಸಿಡೀತಿತ್ತು, ನಾಯಿ ಗೀಯಿ ಅಂತ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಅವನು ಎದ್ದ. ಅಬ್ಬಾ, ಏನು ಆಳು! "ಯಾವನೋ?" ಅಂದ. ನಾನೇನೂ ಹೇಳ್ಲಿಲ್ಲ ಹೊರೇಸ್, ದೇವರಾಣೆ, ಒಂದು ಮಾತೂ ಹೇಳ್ಲಿಲ್ಲ. ನಿನ್ನ ತಲೆ ಕಡೆ ನೋಡ್ದೆ. ಅಷ್ಟೇ. ಬರೀ ನೋಡ್ದೆ.

ಮತ್ತೆ ಆ ಬಾಗಿಲ ಹತ್ರ ನೀನು ತಿರುಗಿ ನನ್ನನ್ನ ನೋಡ್ದೆ. ದಿನಾ ನೋಡ್ತಿದ್ಯಲ್ಲ, ಹಾಗೇ. ಕೂಗ್ತಾನೆ ರೂಫಸ್ ಅಂತ.

ಕೂಗಿದ್ರೆ ಅವನಿಗೆ ನನ್ನ ದನಿ ಗುರುತು ಹತ್ತುತ್ತಿತ್ತು ಕಣೋ!

ಬೈಯೋ. ಬರೆದಾದ್ರೂ ಬೈಯೋ. ಯಾಕೆ ಹಲಗೆ ನನ್ನ ಕಡೆ ತಳ್ತೀಯ? ನಾನು ಬರೀಬೇಕಾ? ಇದರ ಮೇಲಾ, ಕೂಗಿದ್ದು ನಾನೇ ಅಂತ?... ಹಾಗೆ ನೋಡ್ಬೇಡ. ಯಾರೋ ಬಾಗಿಲು ತಟ್ತಿದಾರೆ, ಅವಳೇ ಇರ್ಬೇಕು. ಹೊರೇಸ್... ನನಗೆ ಗಂಟಲೇ ಏಳ್ತಿಲ್ಲ. ಏನಾದ್ರೂ ಅನ್ನೋ. ನೀನಾದ್ರೂ ಏನಾದ್ರೂ ಅನ್ನೋ!